ಹಸಿರು ಮನೆ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ಬೆಂಗಳೂರಿನಲ್ಲಿ 30×40 ಸೈಟು, ಪಶ್ಚಿಮ ದಿಕ್ಕಿನ ಮುಖ. ಹಾಲ್‌ನ ಮುಂಭಾಗಕ್ಕೆ ನೆಲದಿಂದ ತಾರಸಿವರೆಗೆ ಡಬಲ್ ಗ್ಲಾಸ್, ಕೋಣೆಗಳಿಗೆ ಸ್ಲೈಡಿಂಗ್ ಕಿಟಕಿ, ಮೇಲೆ ಸೋಲಾರ್ ಪ್ಯಾನೆಲ್ ಹಾಕಿ ‘ಗ್ರೀನ್ ಹೋಮ್’ ಮಾಡಿಕೊಡುತ್ತೇನೆ ಅನ್ನುತ್ತಾರೆ ಬಿಲ್ಡರ್. ಒಪ್ಪಬಹುದೇ?

ಉತ್ತರ: ಪ್ಯಾನೆಲ್ ಇರಲಿ, ಗಾಜು ಬೇಡ. ಸಂಜೆಯ ಬಿಸಿಲು ಓರೆಯಾಗಿ ಬರುವುದರಿಂದ ಎರಡಡಿ ಸಜ್ಜಾ ಅದನ್ನು ತಡೆಯುವುದಿಲ್ಲ. ಸಾದಾ ಡಬಲ್ ಗ್ಲಾಸ್ ಚಳಿ ಪ್ರದೇಶದಲ್ಲಿ ಒಳಗಿನ ಬಿಸಿ ಸೋರದಂತೆ ತಡೆಯುತ್ತದೆ ನಿಜ, ಆದರೆ ನೇರ ಬಿಸಿಲಿನ ಬಹುಪಾಲನ್ನು ಒಳಕ್ಕೆ ಬಿಟ್ಟುಬಿಡುತ್ತದೆ. ಆ ಶಾಖ ನೆಲ, ಗೋಡೆಗಳಲ್ಲಿ ಕೂತು ರಾತ್ರಿಯವರೆಗೂ ಮನೆಯನ್ನು ಬಿಸಿಯಾಗಿಡುತ್ತದೆ. ಆಮೇಲೆ ಎ.ಸಿ. ಬರುತ್ತದೆ. ಹಗಲು ಪ್ಯಾನೆಲ್ ಕೊಟ್ಟ ವಿದ್ಯುತ್ತು ಬಿಲ್ಡರ್ ತಂದಿಟ್ಟ ಸೆಕೆಯನ್ನು ತೆಗೆಯಲಿಕ್ಕೇ ಖರ್ಚು. ಪಶ್ಚಿಮಕ್ಕೆ ಮೆಟ್ಟಿಲು, ಬಚ್ಚಲು, ಸ್ಟೋರ್ ಬರಲಿ. ಕಿಟಕಿ ಬೇಕೇಬೇಕೆಂದರೆ ಚಿಕ್ಕದಿರಲಿ, ಹೊರಗಡೆ ಜಾಲಿ (ತೂತುಗಳಿರುವ ಗೋಡೆ) ಅಥವಾ ಬಿದಿರಿನ ತೆರೆ ಇರಲಿ. ಒಳಗಿನ ಪರದೆಯಿಂದ ಹೆಚ್ಚು ಪ್ರಯೋಜನವಿಲ್ಲ, ಶಾಖ ಆಗಲೇ ಒಳಗೆ ಬಂದಾಗಿರುತ್ತದೆ.

ಕಿಟಕಿ ವಿಷಯದಲ್ಲಿ ಲೆಕ್ಕ ಹಾಕಿ ನೋಡಿ. ವಾಸದ ಕಟ್ಟಡಗಳಿಗಾಗಿ 2018ರಲ್ಲಿ ಬಂದ ಕೇಂದ್ರ ಸರ್ಕಾರದ ಇಂಧನ ಉಳಿತಾಯ ನಿಯಮಾವಳಿ ‘ಇಕೋ ನಿವಾಸ್ ಸಂಹಿತೆ’ಯ ಪ್ರಕಾರ ಬೆಂಗಳೂರಿನ ಹವೆಗೆ ನೆಲದ ಅಳತೆಯ ಶೇ 12.5ರಷ್ಟು, ಕರಾವಳಿಯ ಸೆಕೆಗೆ ಶೇ 16.66ರಷ್ಟು ಕಿಟಕಿ-ಬಾಗಿಲು ತೆರೆಯುವಂತಿರಬೇಕು. 120 ಚದರಡಿ ಕೋಣೆಗೆ ಬೆಂಗಳೂರಿನಲ್ಲಿ 15 ಚದರಡಿ, ಮಂಗಳೂರಿನಲ್ಲಿ 20 ಚದರಡಿ ಆಯಿತು. ಎರಡು ಟ್ರ್ಯಾಕಿನ ಸ್ಲೈಡಿಂಗ್ ಅರ್ಧ ಮಾತ್ರ ತೆರೆಯುವುದರಿಂದ 15 ಚದರಡಿ ಗಾಳಿಗೆ 30 ಚದರಡಿ ಕಿಟಕಿ ಹಾಕಿಸಬೇಕು. ಪೂರ್ತಿ ತೆರೆಯುವ ಹಳೇ ಮಾದರಿಯ ಬಾಗಿಲಿನ ಕಿಟಕಿಯೇ ಮೇಲು.

ಇನ್ನು ತಾರಸಿ. ಏಪ್ರಿಲ್ ಕೊನೆಯಲ್ಲಿ ಬೆಂಗಳೂರಿಗೆ ಸೂರ್ಯ ಮಧ್ಯಾಹ್ನ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ, ಒಂದೆರಡು ಅಂತಸ್ತಿನ ಮನೆಗೆ ಅತಿ ಹೆಚ್ಚು ಶಾಖ ಇಳಿಯುವುದೇ ಅಲ್ಲಿಂದ. ತಾರಸಿಯಿಂದ ಶಾಖ ಇಳಿಯುವ ಪ್ರಮಾಣಕ್ಕೆ (ಯು-ವ್ಯಾಲ್ಯೂ) ಅದೇ ಸಂಹಿತೆ ಹಾಕಿರುವ ಮಿತಿ, ಒಳ-ಹೊರಗಿನ ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ ಚದರ ಮೀಟರಿಗೆ 1.2 ವ್ಯಾಟ್. ಬರೀ ಆರ್‌ಸಿಸಿ ತಾರಸಿಯದು ಅದರ ಎರಡು ಪಟ್ಟಿಗೂ ಹೆಚ್ಚು. ವಾಟರ್‌ಪ್ರೂಫಿಂಗ್ ಮೇಲೆ 40–50 ಮಿ.ಮೀ. ಎಕ್ಸ್‌ಪಿಎಸ್ ಹಲಗೆ (ಶಾಖ ತಡೆಯುವ ಗಟ್ಟಿ ಫೋಮ್), ಅದರ ಮೇಲೆ ಗಾರೆ, ಬಿಳಿ ಚೂರು ಟೈಲ್ಸ್ ಹಾಕಿಸಿದರೆ ಈ ಮಿತಿಯೊಳಗೆ ಬರುತ್ತೀರಿ. ಅಷ್ಟು ದುಡ್ಡಿಲ್ಲವೆಂದರೆ ಪ್ರತಿ ಫೆಬ್ರುವರಿಯಲ್ಲಿ ಬಿಳಿ ಸುಣ್ಣ ಬಳಿಸಿ. ಮಳೆಗೆ ತೊಳೆದುಹೋಗುತ್ತದೆ, ಆದರೆ ಬೇಸಿಗೆ ದಾಟಿರುತ್ತದೆ. ಪ್ಯಾನೆಲನ್ನು ಅಡಿಯಲ್ಲಿ ಗಾಳಿ ಆಡುವಷ್ಟು ಎತ್ತರಿಸಿ ಕೂರಿಸಿದರೆ ಅದರ ನೆರಳೂ ಲಾಭವೇ.

ಪ್ರಶ್ನೆ: ತುಮಕೂರಿನ ಹತ್ತಿರ ನಮ್ಮದೇ ಜಾಗದ ಮಣ್ಣಿನಲ್ಲಿ ಇಟ್ಟಿಗೆ ಒತ್ತಿಸಿ ಮನೆ ಕಟ್ಟುವ ಆಸೆ. ಪಕ್ಕದ ಊರಿನಲ್ಲಿ ಹೀಗೆ ಕಟ್ಟಿದ ಗೋಡೆ ಬಿರುಕು ಬಿಟ್ಟಿದೆ, ಕೆಳಗಿನ ಸಾಲುಗಳ ಅಂಚು ಉದುರುತ್ತಿದೆ. ಧೈರ್ಯ ಮಾಡಬಹುದೇ?

ಉತ್ತರ: ಧಾರಾಳವಾಗಿ. ಸುಟ್ಟ ಇಟ್ಟಿಗೆಯ ಗೋಡೆಗೆ ಹೋಲಿಸಿದರೆ ಈ ಗೋಡೆಗೆ ತಗಲುವ ಇಂಧನ ಸುಮಾರು ಮೂರನೇ ಒಂದು ಪಾಲು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ, ಹಳ್ಳಿಗಳಿಗೆ ಹೊಂದುವ ತಂತ್ರಜ್ಞಾನ ರೂಪಿಸುವ ‘ಅಸ್ತ್ರ’ ಕೇಂದ್ರ ನಮ್ಮ ಕೆಮ್ಮಣ್ಣಿಗೆ ಈ ವಿಧಾನವನ್ನು ಚೆನ್ನಾಗಿ ಪಳಗಿಸಿದೆ. ಪಕ್ಕದೂರಿನ ಗೋಡೆ ಕೆಟ್ಟಿರುವುದು ಬಹುಶಃ ಜೇಡಿಯಿಂದ.

ಮಿಶ್ರಣದಲ್ಲಿ ಜೇಡಿ ಶೇ 10–15, ಮರಳು ಶೇ 65ರ ಆಚೆ ಇರಬೇಕು. ಮೇಲಿನ ಒಂದಡಿ ಬೇರು-ಗೊಬ್ಬರದ ಮಣ್ಣು ತೆಗೆದುಹಾಕಿ ಅಡಿಯದನ್ನು ಪರೀಕ್ಷಿಸಿ. ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ಮಣ್ಣು, ಉಳಿದದ್ದು ನೀರು, ಚಿಟಿಕೆ ಉಪ್ಪು ಹಾಕಿ ಕುಲುಕಿ ಇಡಿ. ಮರಳು ಒಂದೆರಡು ನಿಮಿಷದಲ್ಲೇ ತಳ ಸೇರುತ್ತದೆ, ಜೇಡಿ ಕೂರಲು ಮರುದಿನವಾಗಬಹುದು. ಪದರಗಳ ದಪ್ಪದಿಂದ ಸಿಗುವ ಲೆಕ್ಕ ಅಂದಾಜಷ್ಟೇ, ಲ್ಯಾಬಿನಲ್ಲೂ ಒಮ್ಮೆ ನೋಡಿಸಿ. ಜೇಡಿ ಶೇ 30 ಬಂದರೆ ಒಂದು ಪಾಲು ಮಣ್ಣಿಗೆ ಒಂದು ಪಾಲು ಎಂ-ಸ್ಯಾಂಡ್ ಅಥವಾ ಕ್ವಾರಿ ಪುಡಿ ಸೇರಿಸಿದಾಗ ಶೇ 15ಕ್ಕೆ ಇಳಿಯುತ್ತದೆ. ಎರೆಮಣ್ಣಾದರೆ ಈ ಸಾಹಸ ಬೇಡ. ಅದು ನೆನೆದಾಗ ಉಬ್ಬಿ ಒಣಗಿದಾಗ ಕುಗ್ಗುತ್ತದೆ, ಸಿಮೆಂಟ್ ಅದನ್ನು ಹಿಡಿದಿಡುವುದಿಲ್ಲ.

5 ಮಿ.ಮೀ. ಜರಡಿ ಹಿಡಿದು, ಮಣ್ಣು ಒಣಗಿದ್ದಾಗಲೇ ತೂಕದಲ್ಲಿ ಶೇ 7–8 ಸಿಮೆಂಟ್ ಬೆರೆಸಿ, ಆಮೇಲೆ ನೀರು ಚಿಮುಕಿಸಿ. ಹಿಡಿಯಲ್ಲಿ ಅದುಮಿದರೆ ಉಂಡೆ ಕಟ್ಟಬೇಕು, ಅಂಗೈಗೆ ಅಂಟಬಾರದು. ಸೊಂಟದೆತ್ತರದಿಂದ ಬಿಟ್ಟರೆ ನಾಲ್ಕಾರು ಹೋಳಾಗಬೇಕು. ಪುಡಿಪುಡಿಯಾದರೆ ನೀರು ಸಾಲದು, ಚಪ್ಪಟೆಯಾಗಿ ಕೂತರೆ ಹೆಚ್ಚಾಗಿದೆ. ಅರ್ಧ ಗಂಟೆಯಲ್ಲಿ ಮುಗಿಯುವಷ್ಟೇ ಕಲಸಿ. ಪ್ರತಿ ಅಚ್ಚಿಗೂ ಮಿಶ್ರಣ ತೂಗಿಯೇ ಹಾಕಿ, ಕೈಯಂದಾಜು ಬೇಡ. ಅಚ್ಚಿನಲ್ಲಿ ಮಣ್ಣು ಎಷ್ಟು ಒತ್ತಿಕೊಂಡು ಕೂರುತ್ತದೋ, ಇಟ್ಟಿಗೆಯ ಗಟ್ಟಿತನ ನಿಂತಿರುವುದೇ ಅದರ ಮೇಲೆ. 230×190×100 ಮಿ.ಮೀ. ಇಟ್ಟಿಗೆ ಒಣಗಿದಾಗ ಸುಮಾರು 8 ಕಿಲೋ ತೂಗಬೇಕು, ಒಂದು ಮೂಟೆ ಸಿಮೆಂಟಿಗೆ 80–90 ಬರುತ್ತವೆ. ಗೋಣಿಚೀಲ ಹೊದಿಸಿ ಮೂರು ವಾರ ನೀರುಣಿಸಿ. ಮೇಸ್ತ್ರಿಗಳು ಒಂದೇ ವಾರಕ್ಕೆ ಕೈಬಿಡುವುದು ಇಲ್ಲಿಯೇ. ಬಿಸಿಲಿಗೆ ಬೇಗ ಒಣಗಿದ ಇಟ್ಟಿಗೆಯ ಅಂಚೇ ಮೊದಲು ಉದುರುವುದು.

ಕಟ್ಟುವ ಗಾರೆಗೆ 1 ಸಿಮೆಂಟ್, 2 ಮಣ್ಣು, 6 ಮರಳು ಸಾಕು. ಪಾಯದ ಕಲ್ಲನ್ನು ನೆಲದಿಂದ ಒಂದೂವರೆ ಅಡಿ ಮೇಲೆ ತನ್ನಿ, ಅದರ ಮೇಲೆ ತೇವ ತಡೆಯುವ ಪದರ ಹಾಕಿ, ಸೂರನ್ನು ಎರಡಡಿ ಚಾಚಿ.

ಪ್ರಶ್ನೆ: ಪ್ಲಾಟಿನಂ ರೇಟಿಂಗ್ ಪಡೆದ ಅಪಾರ್ಟ್‌ಮೆಂಟ್ ಕೊಂಡರೆ ಪರಿಸರಕ್ಕೆ ಒಳ್ಳೆಯದೇ ಅಲ್ಲವೇ?

ಉತ್ತರ: ಇಂಥ ರೇಟಿಂಗ್ ಕೊಡುವ ಐಜಿಬಿಸಿ, ‘ಗೃಹ’ (GRIHA), ಲೀಡ್ ಎಲ್ಲವೂ ಹಸಿರು ಕಟ್ಟಡಗಳಿಗೆ ಅಂಕ ಕೊಡುವ ಪದ್ಧತಿಗಳು. ಒಂದರಲ್ಲಿ ಕಳೆದುಕೊಂಡ ಅಂಕವನ್ನು ಇನ್ನೊಂದರಲ್ಲಿ ತುಂಬಿಕೊಳ್ಳಬಹುದು. ಬಿಲ್ಡರ್ ಬಳಿ ಎರಡು ಪ್ರಶ್ನೆ ಕೇಳಿ: ಪ್ರಮಾಣಪತ್ರ ನಕ್ಷೆಗೆ ಸಿಕ್ಕಿದ್ದೋ, ಜನ ವಾಸವಿದ್ದಾಗ ಅಳೆದು ಕೊಟ್ಟಿದ್ದೋ? ಕಳೆದ ವರ್ಷ ಪ್ರತಿ ಚದರ ಮೀಟರಿಗೆ ಎಷ್ಟು ಯೂನಿಟ್ ವಿದ್ಯುತ್ತು, ತಲೆಗೆ ಎಷ್ಟು ಲೀಟರ್ ಟ್ಯಾಂಕರ್ ನೀರು ಖರ್ಚಾಯಿತು? ಬಿಲ್ ತೋರಿಸದಿದ್ದರೆ ಆ ಫಲಕಕ್ಕೆಂದು ಹೆಚ್ಚಿನ ಬೆಲೆ ಕೊಡಬೇಡಿ. ಅದೇ ಬಡಾವಣೆಯಲ್ಲಿ ಪಿಲ್ಲರ್-ತಾರಸಿ ಗಟ್ಟಿಯಿರುವ ಹಳೆಯ ಫ್ಲ್ಯಾಟ್ ಸಿಕ್ಕರೆ ಅದನ್ನೂ ನೋಡಿ. ಅದರ ಸಿಮೆಂಟ್, ಕಬ್ಬಿಣಕ್ಕೆ ಮತ್ತೆ ಕುಲುಮೆ ಉರಿಯಬೇಕಿಲ್ಲ. ವೈರಿಂಗ್, ಪೈಪು ಬದಲಿಸಿ, ಕೊನೇ ಮಹಡಿಯಾದರೆ ಸಂಘದವರನ್ನು ಒಪ್ಪಿಸಿ ತಾರಸಿಗೆ ಬಿಳಿ ಟೈಲ್ಸ್ ಹಾಕಿಸಿ.