ಹಣಕಾಸು ಪ್ರಶ್ನೋತ್ತರ: ಪ್ರೈವೇಟ್ ಕಂಪನಿಗಳ ಫಂಡಿಗೆ ದುಡ್ಡು ಹಾಕಬಹುದೇ?

ಪ್ರಶ್ನೆ: ನ್ಯೂಜೆರ್ಸಿಯಲ್ಲಿ ಕೆಲಸದಲ್ಲಿದ್ದೇನೆ. ಪ್ರೈವೇಟ್ ಈಕ್ವಿಟಿಯ (ಷೇರುಪೇಟೆಯಲ್ಲಿ ಇಲ್ಲದ ಕಂಪನಿಗಳಲ್ಲಿ ಹೂಡುವ) ‘ಇಂಟರ್ವಲ್ ಫಂಡ್’ಗೆ 10,000 ಡಾಲರ್ ಹಾಕಿ, ಮ್ಯೂಚುವಲ್ ಫಂಡ್ ಇದ್ದ ಹಾಗೇ ಎನ್ನುತ್ತಾರೆ ಸಲಹೆಗಾರರು. ಬೇಕಾದಾಗ ದುಡ್ಡು ಸಿಗುತ್ತದೆಯೇ?

ಉತ್ತರ: ಕೊಳ್ಳುವಾಗ ಮ್ಯೂಚುವಲ್ ಫಂಡ್ ಹಾಗೇ, ಮಾರುವಾಗ ಅಲ್ಲ. ಅಮೆರಿಕದ ಮ್ಯೂಚುವಲ್ ಫಂಡ್ ದಿನವೂ ಕೇಳಿದವರಿಗೆ ದುಡ್ಡು ಕೊಡಬೇಕು. ಹಾಗಾಗಿ ಬೇಗ ಮಾರಲಾಗದ ಆಸ್ತಿ ಅದರಲ್ಲಿ ಶೇ 15 ದಾಟುವಂತಿಲ್ಲ. ಇಂಟರ್ವಲ್ ಫಂಡ್ 3, 6 ಅಥವಾ 12 ತಿಂಗಳಿಗೊಮ್ಮೆ ಮಾತ್ರ ತನ್ನ ಷೇರುಗಳಲ್ಲಿ ಶೇ 5ರಿಂದ 25ರಷ್ಟನ್ನು ವಾಪಸ್ ಕೊಳ್ಳುತ್ತದೆ. ಬಹಳಷ್ಟು ಫಂಡ್‌ಗಳದು ಶೇ 5ರ ಲೆಕ್ಕ.

ಎಲ್ಲರೂ ಒಟ್ಟಿಗೆ ಎದ್ದು ನಿಂತರೆ ತೊಂದರೆ. ಶೇ 5ಕ್ಕೆ ಅವಕಾಶವಿದ್ದು ಶೇ 12.5ಕ್ಕೆ ಕೋರಿಕೆ ಬಂತೆನ್ನಿ: ಎಲ್ಲರಿಗೂ ಕೇಳಿದ್ದರಲ್ಲಿ ಶೇ 40 ಮಾತ್ರ. ನಿಮ್ಮ 10,000ಕ್ಕೆ ಸಿಗುವುದು 4,000. ಉಳಿದ 6,000ಕ್ಕೆ ಮುಂದಿನ ತ್ರೈಮಾಸಿಕದಲ್ಲಿ ಮತ್ತೆ ಅರ್ಜಿ ಹಾಕಬೇಕು. ಆಗಲೂ ಅದೇ ನೂಕುನುಗ್ಗಲಿದ್ದರೆ 2,400. ಮಗಳ ಕಾಲೇಜು ಫೀಸಿಗೆಂದು ಇಟ್ಟ ದುಡ್ಡಾದರೆ ಬೇಡವೇ ಬೇಡ.

ಫಂಡಿನ ವಿವರಪತ್ರದಲ್ಲಿ (ಪ್ರಾಸ್ಪೆಕ್ಟಸ್) ‘ಟೆಂಡರ್ ಆಫರ್ ಫಂಡ್’ ಎಂದಿದೆಯೇ ನೋಡಿ. ಇಂಟರ್ವಲ್ ಫಂಡ್ ವಾಪಸ್ ಕೊಳ್ಳಲೇಬೇಕು, ಆ ನೀತಿ ಬದಲಿಸಲು ಷೇರುದಾರರ ಮತ ಬೇಕು. ಟೆಂಡರ್ ಆಫರ್ ಫಂಡಿನಲ್ಲಿ ಅದು ನಿರ್ದೇಶಕ ಮಂಡಳಿಯ ಮರ್ಜಿ. ಮಾರಾಟಗಾರರು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾರೆ.

ಗಳಿಕೆಯ ಅಂಕಿಯನ್ನೂ ಕೆದಕಿ. ಇಂಥ ಫಂಡ್, ಇನ್ನೊಂದು ಪ್ರೈವೇಟ್ ಫಂಡಿನಲ್ಲಿ ಬೇರೆ ಹೂಡಿಕೆದಾರರಿಗಿರುವ 100 ಡಾಲರ್ ಲೆಕ್ಕದ ಪಾಲನ್ನು 80ಕ್ಕೆ ಕೊಂಡು, ಆ ಮೂಲ ಫಂಡ್ ಹೇಳುವ 100ನ್ನೇ ಮೌಲ್ಯವೆಂದು ಬರೆದುಕೊಳ್ಳಬಹುದು. ರಾತ್ರಿ ಕಳೆಯುವುದರೊಳಗೆ ಶೇ 25 ‘ಲಾಭ’! ಲೆಕ್ಕಪತ್ರ ನಿಯಮ ಇದನ್ನು ಒಪ್ಪುತ್ತದೆ, ನಾನು ಒಪ್ಪಲಾರೆ. ಹೊಸ ದುಡ್ಡು ಬರುತ್ತಿರುವಷ್ಟು ದಿನ ಗ್ರಾಫ್ ಏರುತ್ತಲೇ ಇರುತ್ತದೆ. ಹಾಗಾಗಿ ಗಳಿಕೆಯಲ್ಲಿ ಈ ರಿಯಾಯಿತಿ ಖರೀದಿಯ ಪಾಲೆಷ್ಟು, ಕಂಪನಿಗಳನ್ನು ನಿಜವಾಗಿ ಮಾರಿ ಬಂದದ್ದೆಷ್ಟು ಎಂದು ಸಲಹೆಗಾರರನ್ನು ಲಿಖಿತವಾಗಿ ಕೇಳಿ.

ಪ್ರೈವೇಟ್ ಫಂಡ್‌ಗಳಲ್ಲಿ ಶೇ 15ಕ್ಕಿಂತ ಹೆಚ್ಚು ಹಾಕುವ ಕ್ಲೋಸ್ಡ್ ಎಂಡ್ ಫಂಡ್‌ಗಳು (ದಿನವೂ ದುಡ್ಡು ವಾಪಸ್ ಕೊಡದವು, ಇಂಟರ್ವಲ್ ಫಂಡ್ ಅದರಲ್ಲೊಂದು ಬಗೆ) ಹಿಂದೆ ಉಳ್ಳವರಿಗಷ್ಟೇ ಇದ್ದವು. ಅಮೆರಿಕದ ಷೇರುಪೇಟೆ ನಿಯಂತ್ರಕ ಎಸ್‌ಇಸಿ 2025ರಲ್ಲಿ ಆ ಪಟ್ಟು ಸಡಿಲಿಸಿತು. ಸಲಹೆಗಾರರ ಹುರುಪಿಗೆ ಅದೂ ಒಂದು ಕಾರಣ.

ಪ್ರಶ್ನೆ: ನನ್ನ ಬಳಿ 2 ಲಕ್ಷ ರೂಪಾಯಿ ಇದೆ. ದಾವಣಗೆರೆಯಲ್ಲಿ ಕುಳಿತು ಇಂಥದ್ದು ಮಾಡಬಹುದೇ?

ಉತ್ತರ: ಪ್ರೈವೇಟ್ ಕಂಪನಿಗಳಲ್ಲಿ ಹೂಡುವ ಎಐಎಫ್‌ಗೆ (ಪರ್ಯಾಯ ಹೂಡಿಕೆ ನಿಧಿ) ಸಾಮಾನ್ಯ ಹೂಡಿಕೆದಾರರು ಕನಿಷ್ಠ 1 ಕೋಟಿ ತರಬೇಕು. ಮ್ಯೂಚುವಲ್ ಫಂಡ್ ಮೂಲಕವೂ ಕಷ್ಟ: ಕಂಪನಿ ಐಪಿಒ ಮೂಲಕ ಪೇಟೆಗೆ ಬರುವ ಮುಂಚಿನ ಹಂಚಿಕೆಯಲ್ಲಿ ಅವು ಕೊಳ್ಳುವಂತಿಲ್ಲ ಎಂದು ಷೇರುಪೇಟೆ ನಿಯಂತ್ರಕ ಸೆಬಿ 2025ರಲ್ಲಿ ಹೇಳಿದೆ. ನಿಮ್ಮ ಕೈಗೆಟಕುವುದು ಷೇರುಪೇಟೆಯಲ್ಲಿ ಲಿಸ್ಟ್ ಆದ ರೀಟ್ (ಕಟ್ಟಡ ಹೂಡಿಕೆ ಟ್ರಸ್ಟ್). ಬಾಡಿಗೆ ತರುವ ಆಫೀಸ್ ಕಟ್ಟಡಗಳಲ್ಲಿ ಪಾಲು, ಒಂದು ಯೂನಿಟ್ ಕೊಂಡರೂ ಸಾಕು. ದೇಶದ ಮೊದಲನೆಯದು ನಮ್ಮ ಬೆಂಗಳೂರಿನ ಎಂಬಸಿಯದು, 2019ರಲ್ಲಿ ಲಿಸ್ಟ್ ಆಯಿತು. ವಿತರಿಸಬಹುದಾದ ನಗದಿನಲ್ಲಿ ಕನಿಷ್ಠ ಶೇ 90ನ್ನು ರೀಟ್ ಹಂಚಲೇಬೇಕು. ಡಿಮ್ಯಾಟ್ ಖಾತೆಯಿದ್ದರೆ ಷೇರಿನಂತೆಯೇ ಮಾರಬಹುದು, ಆದರೆ ಅವತ್ತಿನ ಪೇಟೆ ದರಕ್ಕೆ. ಕಟ್ಟಡದ ಮೌಲ್ಯಕ್ಕಿಂತ ಅದು ಕಡಿಮೆಯೂ ಇರಬಹುದು.