ಜಿನೀವಾಕ್ಕೆ ಬ್ಯಾಡಗಿ ಗೊತ್ತಾಗುವುದು ಹೇಗೆ?

ಬ್ಯಾಡಗಿ ತಾಲ್ಲೂಕಿನ ಅಂಗನವಾಡಿ ಕಾರ್ಯಕರ್ತೆಯೊಬ್ಬರ ಪತ್ರ ಬಂದಿದೆ. ಮಹಿಳಾ ಸಮಾನತೆಯ ವಿಷಯದಲ್ಲಿ ವಿಶ್ವಸಂಸ್ಥೆ ಸರಕಾರಗಳಿಂದ ಲೆಕ್ಕ ಕೇಳುವ ಬಗೆಯನ್ನು ಕುರಿತು ಕಳೆದ ಸಂಚಿಕೆಯಲ್ಲಿ ನಾವು ಪ್ರಕಟಿಸಿದ ಲೇಖನ ಓದಿ ಅವರು ಕೇಳಿದ್ದಾರೆ: "ಜಿನೀವಾದಾಗ ಕುಂತವರಿಗೆ ನಮ್ಮ ಬ್ಯಾಡಗಿ ಎಲ್ಲೈತಂತ ಗೊತ್ತೈತೇನ್ರಿ? ಇಲ್ಲಿ ಕೂಲಿ ಮಾಡೋ ಹೆಣ್ಮಕ್ಕಳಿಗೆ ಅದರಿಂದ ಏನ್ ಬರ್ತೈತಿ?" ಈ ಒಪ್ಪಂದ, ವರದಿಗಳೆಲ್ಲ "ಬರೀ ಕಾಗದ" ಎಂದೂ ಬರೆದಿದ್ದಾರೆ. ಜೊತೆಗೆ ಕೂಲಿ ವಹಿಯ ಒಂದು ಹಾಳೆಯ ಜೆರಾಕ್ಸ್ ಇಟ್ಟಿದ್ದಾರೆ. ಗಂಡಾಳು, ಹೆಣ್ಣಾಳು ಎಂದು ಎರಡು ಕಲಂ. ಒಂದೇ ಹೊಲ, ಒಂದೇ ದಿನ, ಮೆಣಸಿನಕಾಯಿ ಬಿಡಿಸುವ ಒಂದೇ ಕೆಲಸ. ಹೆಣ್ಣಾಳಿನ ಕೂಲಿ ಮಾತ್ರ ಕಡಿಮೆ.

ಅಕ್ಕಾವರೇ, ನಿಮ್ಮ ಸಿಟ್ಟಿಗೆ ಕಾರಣವಿದೆ. ಮಹಿಳೆಯರ ಮೇಲಿನ ಎಲ್ಲ ಬಗೆಯ ತಾರತಮ್ಯವನ್ನು ತೊಡೆದುಹಾಕುವ ಸೀಡಾ ಒಪ್ಪಂದವನ್ನು ವಿಶ್ವಸಂಸ್ಥೆ ಅಂಗೀಕರಿಸಿದ್ದು 1979ರಲ್ಲಿ. ಭಾರತ 1980ರಲ್ಲಿ ಸಹಿ ಹಾಕಿತು, 1993ರಲ್ಲಿ ಸ್ಥಿರೀಕರಿಸಿತು, ಅಂದರೆ ಪಾಲಿಸುವುದಾಗಿ ಒಪ್ಪಿಕೊಂಡಿತು. ನಾಲ್ಕು ವರ್ಷಕ್ಕೊಮ್ಮೆ ವರದಿ ಒಪ್ಪಿಸಬೇಕು ಎನ್ನುತ್ತದೆ 18ನೆಯ ವಿಧಿ. ಆದರೆ ಆ ವರದಿಗಳನ್ನು ನೋಡುವ, ಈಗ ಜಿನೀವಾದಲ್ಲಿ ಸೇರುವ 23 ತಜ್ಞರ ಸಮಿತಿಯ ಮುಂದೆ ನಮ್ಮ ನಿಯತ ವರದಿಗಳ ಪರಿಶೀಲನೆ ನಡೆದದ್ದು 2000, 2007, 2014ರಲ್ಲಿ. ಸಮಿತಿಗೆ ದಂಡ ಹಾಕುವ ಅಧಿಕಾರವಿಲ್ಲ. ನೊಂದ ಹೆಣ್ಣುಮಗಳೊಬ್ಬಳು ತಾನೇ ಸಮಿತಿಗೆ ದೂರು ಕೊಡುವ ದಾರಿ ತೆರೆದದ್ದು ಈ ಒಪ್ಪಂದದ 1999ರ ಐಚ್ಛಿಕ ಒಡಂಬಡಿಕೆ. ಭಾರತ ಅದಕ್ಕೆ ಸೇರಿಯೇ ಇಲ್ಲ.

ಇಷ್ಟಾದರೂ "ಬರೀ ಕಾಗದ" ಎಂಬ ನಿಮ್ಮ ಮಾತನ್ನು ನಾನು ಒಪ್ಪಲಾರೆ. 1992ರಲ್ಲಿ ರಾಜಸ್ಥಾನದ ಹಳ್ಳಿಯೊಂದರಲ್ಲಿ, ಬಾಲ್ಯವಿವಾಹ ತಡೆಯಲು ಹೋದ ತಪ್ಪಿಗೆ, ಸರಕಾರದ ಕಾರ್ಯಕ್ರಮದಡಿ ದುಡಿಯುತ್ತಿದ್ದ ಕಾರ್ಯಕರ್ತೆಯ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ನಿಮ್ಮ ಹಾಗೆಯೇ ಅಲ್ಪ ಗೌರವಧನಕ್ಕೆ ಮನೆಮನೆ ತಿರುಗುತ್ತಿದ್ದವರು ಅವರು. ಮಹಿಳಾ ಸಂಘಟನೆಗಳು 'ವಿಶಾಖಾ' ಹೆಸರಿನಲ್ಲಿ ಸುಪ್ರೀಂ ಕೋರ್ಟಿಗೆ ಹೋದಾಗ, ಕೆಲಸದ ಜಾಗದಲ್ಲಿನ ಲೈಂಗಿಕ ಕಿರುಕುಳಕ್ಕೆ ದೇಶದಲ್ಲಿ ಪ್ರತ್ಯೇಕ ಕಾನೂನೇ ಇರಲಿಲ್ಲ. 1997ರಲ್ಲಿ ಕೋರ್ಟು, ಭಾರತ ಒಪ್ಪಿಕೊಂಡ ಸೀಡಾವನ್ನೇ ಆಧಾರವಾಗಿಟ್ಟುಕೊಂಡು ಮಾರ್ಗಸೂಚಿ ಬರೆಯಿತು. 2013ರಲ್ಲಿ ಅದು ಕಾಯ್ದೆಯಾಯಿತು. ಇವತ್ತು ಪ್ರತಿ ಜಿಲ್ಲೆಯಲ್ಲೂ ದೂರು ಕೇಳುವ ಸ್ಥಳೀಯ ಸಮಿತಿ ಇರಬೇಕು, ಹೊಲದ ಕೂಲಿಯವಳೂ ಅಲ್ಲಿಗೆ ಹೋಗಬಹುದು ಎನ್ನುವುದರ ಬೇರು ಆ ಕಾಗದದಲ್ಲಿದೆ.

ಮದುವೆ ನೋಂದಣಿಯ ಕಥೆಯೂ ಹೀಗೆಯೇ. ಇಷ್ಟು ದೊಡ್ಡ ದೇಶದಲ್ಲಿ ಕಡ್ಡಾಯ ನೋಂದಣಿ ಆಗದ ಮಾತು ಎಂದು 1993ರಲ್ಲಿ ಸೀಡಾ ಒಪ್ಪುವಾಗ ಭಾರತ ಬರೆದುಕೊಟ್ಟಿತು. 2006ರಲ್ಲಿ ಸುಪ್ರೀಂ ಕೋರ್ಟು ಎಲ್ಲ ಧರ್ಮದವರ ಮದುವೆಗೂ ನೋಂದಣಿ ಕಡ್ಡಾಯ ಮಾಡಿ ಎಂದು ರಾಜ್ಯಗಳಿಗೆ ಆದೇಶಿಸಿತು. ಆಗದು ಎಂದಿದ್ದು ಆಗಲೇಬೇಕಾಯಿತು. ಎಲ್ಲವೂ ಹೀಗೆ ದಡ ಸೇರಿಲ್ಲ. ವಿಶ್ವಸಂಸ್ಥೆಯ ಮಾನವ ಹಕ್ಕು ಮಂಡಳಿಯಲ್ಲಿ ದೇಶಗಳು ಒಂದನ್ನೊಂದು ಪ್ರಶ್ನಿಸುವ ಸಾರ್ವತ್ರಿಕ ಪರಿಶೀಲನೆಯಲ್ಲಿ ಭಾರತದ ಸರದಿ 2008, 2012, 2017, 2022ರಲ್ಲಿ ಬಂತು. ಗಂಡನಿಂದಾಗುವ ಅತ್ಯಾಚಾರವನ್ನೂ ಅಪರಾಧ ಮಾಡಿ ಎಂದು 2022ರಲ್ಲಿ ಹಲವು ದೇಶಗಳು ಹೇಳಿದವು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಗಂಡನಿಗಿದ್ದ ವಿನಾಯಿತಿ ಹಾಗೇ ಉಳಿದಿದೆ. ಇದು ನನಗೆ ಸಹಿಸಲಾಗದ ಸಂಗತಿ.

ಇನ್ನು ನಿಮ್ಮ ಮೊದಲ ಪ್ರಶ್ನೆ. ಅಲ್ಲಿ ಕುಂತವರಿಗೆ ಬ್ಯಾಡಗಿ ತಾನಾಗಿ ಗೊತ್ತಾಗುವುದಿಲ್ಲ. ಸರಕಾರ ತನ್ನ ವರದಿಯಲ್ಲಿ ತಾನು ಮಾಡಿದ ಕಾನೂನು, ಯೋಜನೆಗಳ ಪಟ್ಟಿ ಕೊಡುತ್ತದೆ. ಸಮಾನ ಕೆಲಸಕ್ಕೆ ಸಮಾನ ಕೂಲಿಯ ಕಾನೂನು ನಮ್ಮಲ್ಲಿ 1976ರಲ್ಲೇ ಬಂತು ಎಂದು ಅದು ಹೇಳಿದರೆ ಸುಳ್ಳೇನೂ ಅಲ್ಲ. ಆ ಕಾನೂನು ಹೊಲದ ಬದು ದಾಟಿಲ್ಲ ಎನ್ನುವುದನ್ನು ಬೇರೆಯವರೇ ಹೇಳಬೇಕು. ಅದಕ್ಕೇ ಸಂಘ ಸಂಸ್ಥೆಗಳು ಪರ್ಯಾಯ ವರದಿ ಕಳಿಸುತ್ತವೆ. ಸಮಿತಿಯ ಸದಸ್ಯರು ಅದನ್ನು ಮುಂದಿಟ್ಟುಕೊಂಡೇ ಸರಕಾರದ ಪ್ರತಿನಿಧಿಗಳನ್ನು ಕೆದಕಿ ಕೇಳುತ್ತಾರೆ. ಸಮಾನ ಕೂಲಿಗೆ ಒಪ್ಪಂದದ 11ನೆಯ ವಿಧಿಯಿದೆ, ಹಳ್ಳಿಯ ಹೆಣ್ಣುಮಕ್ಕಳಿಗೆಂದೇ 14ನೆಯ ವಿಧಿಯಿದೆ. ಸಾರ್ವತ್ರಿಕ ಪರಿಶೀಲನೆಗೆ ಒಂದು ಸಂಸ್ಥೆ ಬರೆಯಬಹುದಾದದ್ದು 2,815 ಪದ ಮಾತ್ರ. ಅಷ್ಟರಲ್ಲಿ "ಮಹಿಳೆಯರ ಸ್ಥಿತಿ ಶೋಚನೀಯ" ಎಂಬಂಥ ಸಾಲುಗಳಿಗೆ ಜಾಗವೆಲ್ಲಿ? ನೀವು ಕಳಿಸಿದಂಥ ಒಂದು ಹಾಳೆಗೆ ಜಾಗವುಂಟು.

ಹಾಳೆಯ ಜೊತೆಗೆ ಸರಕಾರದ್ದೇ ಉತ್ತರವೂ ಬೇಕು. ನಿಮ್ಮ ತಾಲ್ಲೂಕಿನಲ್ಲಿ ಕೃಷಿ ಕೂಲಿಯ ಬಗ್ಗೆ ಕಳೆದ ಮೂರು ವರ್ಷಗಳಲ್ಲಿ ಎಷ್ಟು ತಪಾಸಣೆ ನಡೆಯಿತು, ಹೆಣ್ಣುಮಕ್ಕಳಿಗೆ ಕಡಿಮೆ ಕೊಟ್ಟದ್ದಕ್ಕೆ ಎಷ್ಟು ಪ್ರಕರಣ ದಾಖಲಾದವು ಎಂದು ಕಾರ್ಮಿಕ ಇಲಾಖೆಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. 30 ದಿನದಲ್ಲಿ ಉತ್ತರ ಕೊಡಬೇಕು. ಕೊಡದಿದ್ದರೆ ಮೇಲ್ಮನವಿ ಹಾಕಿ. "ಒಂದೂ ಇಲ್ಲ" ಎಂದು ಬರೆದುಕೊಟ್ಟರೆ ಇನ್ನೂ ಒಳ್ಳೆಯದು: ಇಲಾಖೆಯ ಮೊಹರು ಬಿದ್ದ ಆ ಉತ್ತರವನ್ನು ಯಾವ ಪ್ರತಿನಿಧಿಯೂ ಅಲ್ಲಗಳೆಯಲಾರ. ಧಾರವಾಡದ ಹೈಕೋರ್ಟ್ ಪೀಠದಲ್ಲೂ ಅದು ಕೆಲಸಕ್ಕೆ ಬರುತ್ತದೆ.

ಅರ್ಜಿಯನ್ನು ನಿಮ್ಮೊಬ್ಬರ ಹೆಸರಿನಲ್ಲಿ ಹಾಕಬೇಡಿ. ಊರಿನಲ್ಲಿ ಕೂಲಿ ಕೊಡುವವರ ಕಣ್ಣು ಕೆಂಪಾದರೆ ಪೆಟ್ಟು ಬೀಳುವುದು ನಿಮಗೆ. ಬೇರೆ ತಾಲ್ಲೂಕಿನ ಗೆಳತಿಯೊಬ್ಬರು ಹಾಕಲಿ, ಇಲ್ಲವೇ ನಮಗೆ ತಿಳಿಸಿ. ನಮ್ಮಲ್ಲೊಬ್ಬರ ಹೆಸರಿನಲ್ಲಿ ನಾವೇ ಬರೆದು ಅಂಚೆಗೆ ಹಾಕುತ್ತೇವೆ.

— ಸಂಪಾದಕ