ಬಂದೂಕು ಲೊಡಲೊಡ ಅಂದರೆ ಮೊದಲು ಎಲ್ಲಿ ಅಂತ ನೋಡಿ

(ಬಂದೂಕು, ಏರ್ ರೈಫಲ್ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಸೇನೆಯ ನಿವೃತ್ತ ಆರ್ಮರರ್ (ಬಂದೂಕು ರಿಪೇರಿ ಮಾಡುವವರು) ಒಬ್ಬರು ತುಮಕೂರಿನಿಂದ ಉತ್ತರಿಸುತ್ತಾರೆ.)

ಪ್ರಶ್ನೆ: ನಾನು ತುಮಕೂರಿನ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ದುಡಿದವನು. ಮಗ ಟೆಕ್ಸಾಸ್‌ನಲ್ಲಿದ್ದಾನೆ, ಅಲ್ಲಿನ ಪೌರ. ಎಆರ್-15 ರೈಫಲ್ ಕೊಂಡು ಗುರಿ ಅಭ್ಯಾಸಕ್ಕೆ ರೇಂಜ್‌ಗೆ ಹೋಗುತ್ತಾನೆ. ಅಲ್ಲಿಗೆ ಹೋಗಿದ್ದಾಗ ಕೈಯಲ್ಲಿ ಹಿಡಿದು ನೋಡಿದೆ. ರೈಫಲ್‌ನ ನಡುಭಾಗದ ಎರಡು ಲೋಹದ ಚೌಕಟ್ಟು, ಅಂದರೆ ಮೇಲಿನ ರಿಸೀವರ್‌ಗೂ ಕೆಳಗಿನ ರಿಸೀವರ್‌ಗೂ ನಡುವೆ ಅಲುಗಾಟ ಇದೆ. ಹೊಸ ರೈಫಲ್ ಹೀಗಿರಬಹುದೇ? ಸರಿ ಮಾಡುವುದು ಹೇಗೆ?
– ಓದುಗರು, ತುಮಕೂರು

ಉತ್ತರ: ವಾಚಿನ ಕೆಲಸ ಮಾಡಿದ ಕೈಗೆ ಅದು ತಕ್ಷಣ ಗೊತ್ತಾಗಿರುತ್ತದೆ. ವಾಚಿನಲ್ಲಿ ಅಷ್ಟು ಅಲುಗಾಟ ಇದ್ದರೆ ನೀವು ಪಾಸ್ ಮಾಡುತ್ತಿರಲಿಲ್ಲ. ಈ ರೈಫಲ್‌ನಲ್ಲಿ ಮಾತ್ರ ಅದನ್ನು ದೋಷ ಅಂತ ಬರೆಯಬೇಡಿ.

ಈ ನಮೂನೆಯ ರೈಫಲ್ ಎರಡು ಭಾಗವಾಗಿ ಬಿಚ್ಚಿಕೊಳ್ಳುತ್ತದೆ. ಎರಡನ್ನೂ ಹಿಡಿದಿಡುವುದು ಎರಡೇ ಪಿನ್ನು. ಮುಂದಿನದು ಕೀಲಿನ ಕೆಲಸ ಮಾಡುತ್ತದೆ. ಹಿಂದಿನದನ್ನು ಎಡದಿಂದ ಬಲಕ್ಕೆ ತಳ್ಳಿದರೆ ಮೇಲಿನ ಭಾಗ ತೆರೆದುಕೊಳ್ಳುತ್ತದೆ. ಯಾರೋ ಮಾಡಿದ ಮೇಲ್ಭಾಗ, ಇನ್ಯಾರೋ ಮಾಡಿದ ಕೆಳಭಾಗ, ಎರಡೂ ಸೇರಿಸಿದರೆ ಕೂರಬೇಕು. ಮಣ್ಣು ಮಸಿ ಹಿಡಿದಿದ್ದರೂ ಪಿನ್ನು ಬೆರಳಲ್ಲೇ ಜಾರಬೇಕು. ಅದಕ್ಕಾಗಿ ಬೇಕೆಂದೇ ಸ್ವಲ್ಪ ಜಾಗ ಬಿಟ್ಟಿರುತ್ತಾರೆ. 1950ರ ದಶಕದಲ್ಲಿ ಆರ್ಮಲೈಟ್ ಕಂಪನಿಯಲ್ಲಿ ಯೂಜೀನ್ ಸ್ಟೋನರ್ ರೂಪಿಸಿದ ವಿನ್ಯಾಸ ಇದು. 2019ರಲ್ಲಿ ನಮ್ಮ ರಕ್ಷಣಾ ಸಚಿವಾಲಯ 72,400 ಸಿಗ್ 716 ರೈಫಲ್‌ಗಳಿಗೆ ಆರ್ಡರ್ ಕೊಟ್ಟಿತಲ್ಲ, ಅದರ ಮೇಲು-ಕೆಳಗಿನ ಜೋಡಣೆಯೂ ಇದೇ ಬಗೆಯದು.

ನೀವು ಕೇಳಬೇಕಾದ ಪ್ರಶ್ನೆ ಬೇರೆ. ಗುರಿ ಹಿಡಿಯುವ ಸಾಮಾನು ಯಾವ ಭಾಗದಲ್ಲಿದೆ? ಬ್ಯಾರಲ್ ಮೇಲ್ಭಾಗದಲ್ಲಿದೆ. ಕಾರ್ತೂಸಿನ ಹಿಂಬದಿ ಮುಚ್ಚಿ ಹಿಡಿಯುವ ಬೋಲ್ಟ್ ಮೇಲ್ಭಾಗದಲ್ಲೇ ಓಡುತ್ತದೆ, ಅದರ ಹಲ್ಲುಗಳು ಬೀಗ ಬೀಳುವುದು ಬ್ಯಾರಲ್‌ನ ಹಿಂತುದಿಯೊಳಕ್ಕೆ. ಸೈಟ್, ಸ್ಕೋಪ್ ಕೂರುವುದೂ ಅಲ್ಲೇ. ಕೆಳಭಾಗದಲ್ಲಿರುವುದು ಟ್ರಿಗರ್, ಮ್ಯಾಗಜಿನ್, ಭುಜಕ್ಕೆ ಆನಿಸುವ ಹಿಂದಿನ ಕುಂದ. ಹಾಗಾಗಿ ಕೆಳಗಿನದು ಒಂಚೂರು ಅಲುಗಾಡಿದರೂ ಸ್ಕೋಪು ಮತ್ತು ಬ್ಯಾರಲ್ ನಡುವಿನ ಸಂಬಂಧ ಕದಲುವುದಿಲ್ಲ. ಸಾಮಾನ್ಯ ಅಭ್ಯಾಸದಲ್ಲಿ ಗುರಿ ಹಲಗೆಯ ಮೇಲೆ ವ್ಯತ್ಯಾಸ ಕಾಣುವುದು ಕಷ್ಟ. ಸ್ಪರ್ಧೆಗೆ ಹೋಗುವವರಿಗೆ ಕೆನ್ನೆ, ಭುಜ, ತೋಳಿಗೆ ಬಿಗಿಯುವ ಪಟ್ಟಿಯ ಒತ್ತಡ ಪ್ರತಿ ಸಲವೂ ಒಂದೇ ಥರ ಇರಬೇಕು. ಬಿಗಿ ಬೇಕೆನ್ನುವುದಕ್ಕೆ ಅವರಿಗೆ ಕಾರಣ ಇದೆ.

ಆದರೂ ಮನಸ್ಸಿಗೆ ಕಿರಿಕಿರಿ, ಅಲ್ವಾ? ಅದನ್ನೂ ನಾನು ಒಪ್ಪುತ್ತೇನೆ. ಮಗನಿಗೆ ಹೀಗೆ ಹೇಳಿ. ಮ್ಯಾಗಜಿನ್ ತೆಗೆದು, ಚೇಂಬರ್ (ಗುಂಡು ಕೂರುವ ಗೂಡು) ಖಾಲಿ ಇದೆ ಅಂತ ಕಣ್ಣಲ್ಲೂ ಬೆರಳಲ್ಲೂ ನೋಡಿಕೊಂಡ ಮೇಲೇ ಕೆಲಸ ಶುರು ಮಾಡಲಿ. ಕೆಳಭಾಗದ ಹಿಂದುಗಡೆ, ಹಿಂದಿನ ಪಿನ್ನಿನ ಜಾಗದಲ್ಲಿ ಒಂದು ಗುಳಿ ಇರುತ್ತದೆ. ಅದರಲ್ಲಿ ಕೂರುವ ಸಣ್ಣ ರಬ್ಬರಿನಂಥ ಬೆಣೆ ಅಮೆರಿಕದಲ್ಲಿ ಸಿಗುತ್ತದೆ. ಮುಚ್ಚಿದಾಗ ಮೇಲ್ಭಾಗದ ಕಿವಿ (ಪಿನ್ನು ತೂರುವ ತೂತಿರುವ ಚಾಚು) ಬೆಣೆಯ ಮೇಲೆ ಒತ್ತಿ ಕೂರುತ್ತದೆ. ಅಲುಗಾಟ ಅಲ್ಲಿಗೆ ನಿಲ್ಲುತ್ತದೆ. ಪಿನ್ನು ಹೋಗದಷ್ಟು ಬಿಗಿಯಾದರೆ ಬೆಣೆಯನ್ನು ಬ್ಲೇಡಿನಿಂದ ಚೂರು ಚೂರೇ ಸವರಬೇಕು. ಒಂದೇ ಸಲಕ್ಕೆ ಜಾಸ್ತಿ ಕೊಯ್ದರೆ ಆ ಬೆಣೆ ಹೋಯಿತು. ಮುಂದಿನ ಕಿವಿಗೆ ತೆಳ್ಳನೆಯ ಓ-ರಿಂಗ್ (ರಬ್ಬರ್ ಬಳೆ) ಹಾಕುವವರೂ ಇದ್ದಾರೆ. ಕೆಲವು ಕೆಳಭಾಗಗಳಲ್ಲಿ ಹಿಡಿಯ ಒಳಗಿನಿಂದ ತಿರುಗಿಸುವ, ತುದಿಗೆ ನೈಲಾನ್ ಇರುವ ಸ್ಕ್ರೂ ಮೊದಲೇ ಇರುತ್ತದೆ. ಅದಿದ್ದರೆ ಬೇರೇನೂ ಬೇಡ. ಆ ಸ್ಕ್ರೂ ಸ್ವಲ್ಪ ಏರಿಸಿದರೆ ಸಾಕು.

ಒಂದನ್ನು ಮಾತ್ರ ಖಂಡಿತ ಮಾಡಬಾರದು. ಕಿವಿಯನ್ನು ಸುತ್ತಿಗೆಯಿಂದ ತಟ್ಟಿ ಅಗಲ ಮಾಡುವುದು, ರಂಧ್ರದ ಅಂಚು ಬಡಿಯುವುದು ಬೇಡವೇ ಬೇಡ. ಅದು ಉಕ್ಕಲ್ಲ, ಅಲ್ಯೂಮಿನಿಯಂ. ಮೇಲೆ ಆನೊಡೈಸ್ ಮಾಡಿದ ಗಟ್ಟಿ ಪದರ ಬೇರೆ ಇದೆ. ಬಿರುಕು ಬಿಟ್ಟರೆ ಆ ಭಾಗವನ್ನೇ ಬದಲಿಸಬೇಕು. ಪಿನ್ನು ಹೊರತಳ್ಳಲು ಪ್ರತಿ ಸಲ ಸುತ್ತಿಗೆ ಬೇಕಾಗುವಷ್ಟು ಬಿಗಿ ಮಾಡುವುದೂ ತಪ್ಪು. ಬಿಚ್ಚಲು ಕಷ್ಟವಾದ ಬಂದೂಕನ್ನು ಜನ ಒರೆಸುವುದು ಬಿಟ್ಟುಬಿಡುತ್ತಾರೆ.

ಪ್ರಶ್ನೆ: ಮಗಳು ಮನೆಯಲ್ಲಿ ಬ್ಯಾರಲ್ ಮಡಿಸಿ ಸ್ಪ್ರಿಂಗ್ ಎಳೆಯುವ 0.177 ಇಂಚಿನ ಏರ್ ರೈಫಲ್‌ನಿಂದ ಅಭ್ಯಾಸ ಮಾಡುತ್ತಾಳೆ. ಸ್ಕೋಪ್ ಹಾಕಿಸಿದ ಮೇಲೆ ಗುರಿ ಚೆಲ್ಲಾಪಿಲ್ಲಿ. ಬ್ಯಾರಲ್ ಬುಡದಲ್ಲಿ ಸ್ವಲ್ಪ ಆಟ ಇದೆ.
– ಓದುಗರು, ಚಿಂತಾಮಣಿ

ಉತ್ತರ: ಮೇಲಿನ ಲೆಕ್ಕ ಇಲ್ಲಿ ಪೂರ್ತಿ ತಿರುಗುಮುರುಗು. ನಿಮ್ಮ ರೈಫಲ್‌ನ ಸ್ಕೋಪ್ ಕೂತಿರುವುದು ಹಿಂದಿನ ಕೊಳವೆಯ ಮೇಲೆ. ಬ್ಯಾರಲ್ ಇರುವುದು ಕೀಲಿನ ಆಚೆ. ಕೀಲು ಅಲುಗಾಡಿದರೆ ಸ್ಕೋಪ್ ಒಂದು ಕಡೆ ನೋಡುತ್ತದೆ, ಬ್ಯಾರಲ್ ಇನ್ನೊಂದು ಕಡೆ. ಮೊದಲು ಇದ್ದ ತೆರೆದ ಸೈಟ್‌ಗಳು ಮುಂದಿನದೂ ಹಿಂದಿನದೂ ಬ್ಯಾರಲ್ ಮೇಲೇ ಇದ್ದಿರಬೇಕು. ಅದಕ್ಕೇ ಆಗ ನಿಮಗೆ ತೊಂದರೆ ಕಂಡಿರಲಿಲ್ಲ. ಮಗಳ ಕೈಯದು ತಪ್ಪಲ್ಲ, ದಯವಿಟ್ಟು ಅವಳನ್ನು ಬೈಯಬೇಡಿ.

ಕೀಲಿಗೆ ಕೈ ಹಾಕುವ ಮೊದಲು ಮರದ ಭಾಗದ ಸ್ಕ್ರೂಗಳನ್ನೂ ಸ್ಕೋಪ್ ಹಿಡಿಕೆಯ ಸ್ಕ್ರೂಗಳನ್ನೂ ನೋಡಿ. ಸ್ಪ್ರಿಂಗ್ ರೈಫಲ್ ಮುಂದಕ್ಕೂ ಹಿಂದಕ್ಕೂ ಎರಡೂ ಕಡೆ ಒದೆಯುತ್ತದೆ, ಹಾಗಾಗಿ ಇವು ಸಡಿಲವಾಗುವುದು ಮಾಮೂಲು. ಬಹಳ ಸಲ ರೋಗ ಅಲ್ಲೇ ಇರುತ್ತದೆ. ಅವು ಬಿಗಿ ಇದ್ದರೆ, ಪೆಲೆಟ್ ಇಲ್ಲದೆ, ಸ್ಪ್ರಿಂಗ್ ಎಳೆಯದೆ, ಬ್ಯಾರಲ್ ಮುಚ್ಚಿಟ್ಟು ತುದಿಯನ್ನು ಮೆಲ್ಲಗೆ ಅಲುಗಿಸಿ. ಎಡಕ್ಕೆ ಬಲಕ್ಕೆ ಆಡಿದರೆ ಕೀಲಿನ ಬೋಲ್ಟ್ ಸಡಿಲ. ಅದಕ್ಕೆ ಪಕ್ಕದಲ್ಲಿ ಸಣ್ಣ ಲಾಕ್ ಸ್ಕ್ರೂ ಇದ್ದರೆ ಅದನ್ನು ಮೊದಲು ಬಿಚ್ಚಿ, ಬೋಲ್ಟನ್ನು ಅಷ್ಟಷ್ಟೇ ತಿರುಗಿಸಿ, ಮತ್ತೆ ಲಾಕ್ ಮಾಡಿ. ಆಗಲೂ ಆಡಿದರೆ ಪಕ್ಕದ ವಾಷರ್ ಸವೆದಿದೆ. ಮೇಲೆ ಕೆಳಗೆ ಆಡಿದರೆ ಬೀಗದ ಸ್ಪ್ರಿಂಗ್ ಸೋತಿರಬಹುದು. ವಾಷರ್, ಬೀಗ ಎರಡನ್ನೂ ಅಂಗಡಿಯವರಿಗೆ ಬಿಡಿ. ಒಳಗಿನ ದೊಡ್ಡ ಸ್ಪ್ರಿಂಗ್ ಒತ್ತಡದಲ್ಲಿ ಕೂತಿರುತ್ತದೆ. ಸರಿಯಾದ ಉಪಕರಣ ಇಲ್ಲದೆ ಬಿಚ್ಚಿದರೆ ಮುಖಕ್ಕೇ ಹಾರುತ್ತದೆ.

ಪ್ರಶ್ನೆ: ಬೆಳೆ ಕಾಯಲು ತಂದೆಯ ಕಾಲದಿಂದ ಲೈಸೆನ್ಸ್ ಇರುವ ಒಂಟಿ ನಳಿಗೆ ಬಂದೂಕು ಇದೆ. ಮಡಿಸುವ ಜಾಗದಲ್ಲಿ ಸಡಿಲವಾಗಿದೆ. ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಒಂದು ಚುಕ್ಕೆ ಹಾಕಿಸಿದರೆ ಸಾಕೇ?
– ಓದುಗರು, ಪಾವಗಡ

ಉತ್ತರ: ಬೇಡ. ಕಾರ್ತೂಸು ಹಾಕುವುದನ್ನು ಇವತ್ತೇ ನಿಲ್ಲಿಸಿ. ಪಾವಗಡದ ಕಡೆ ಕರಡಿ, ಹಂದಿಯ ಕಾಟ ಎಷ್ಟೆಂದು ನನಗೆ ಗೊತ್ತು. ಆದರೂ ಈ ಮಾತಿನಲ್ಲಿ ಸಡಿಲ ಕೊಡಲಾರೆ. ನಿಮ್ಮ ಬಂದೂಕಿನಲ್ಲಿ ಆ ಕೀಲು ಸುಮ್ನೆ ಎರಡು ಭಾಗ ಸೇರಿಸುವ ಕೊಂಡಿ ಅಲ್ಲ. ನಳಿಗೆಯ ಬಾಯಿಯನ್ನು ಹಿಂದಿನ ಗೋಡೆಗೆ ಅಂಟಿಸಿ ಹಿಡಿಯುವುದು ಅದೂ ಅದರ ಬೀಗವೂ. ಅಲ್ಲಿ ಸಂದು ಬಿದ್ದರೆ ಕಾರ್ತೂಸಿನ ಬುಡಕ್ಕೆ ಆಸರೆ ಇರುವುದಿಲ್ಲ. ಬುಡ ಒಡೆದು ಬೆಂಕಿ ಹಿಂದಕ್ಕೆ, ನಿಮ್ಮ ಕಣ್ಣಿನ ಕಡೆಗೆ ಬರಬಹುದು.

ಬಂದೂಕು ಖಾಲಿ ಮಾಡಿ, ಮುಂದಿನ ಮರದ ತುಂಡು ಬಿಚ್ಚಿ, ಮುಚ್ಚಿ ಅಲುಗಿಸಿ ನೋಡಿ. ಆ ಮರ ಇದ್ದಾಗ ಸಡಿಲವನ್ನು ಅದು ಮುಚ್ಚಿಡುತ್ತದೆ. ಬೆಳಕಿಗೆ ಹಿಡಿದಾಗ ನಳಿಗೆಗೂ ಗೋಡೆಗೂ ನಡುವೆ ಗೆರೆಯಷ್ಟು ಬೆಳಕು ಕಂಡರೂ ಅದು ಗುಂಡು ಹಾರಿಸುವ ಸ್ಥಿತಿಯಲ್ಲಿಲ್ಲ. ವೆಲ್ಡಿಂಗ್ ಬಿಸಿಗೆ ಉಕ್ಕಿನ ಹದ ಕೆಡುತ್ತದೆ. ಅದೂ ಅಲ್ಲದೆ, 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಂ ಪ್ರಕಾರ ಬಂದೂಕು ರಿಪೇರಿ ವ್ಯವಹಾರಕ್ಕೇ ಲೈಸೆನ್ಸ್ ಬೇಕು. ಲೈಸೆನ್ಸ್ ಇರುವ ಬಂದೂಕು ರಿಪೇರಿಯವರ ಹತ್ತಿರ ನಿಮ್ಮ ಲೈಸೆನ್ಸ್ ಪುಸ್ತಕದ ಸಮೇತ ಹೋಗಿ. ಕೀಲಿನ ಪಿನ್ನು ಹೊಸದು ಹಾಕಿ ಅಳತೆಗೆ ಕೂರಿಸಲು ಕೇಳಿ. ನಳಿಗೆಯ ಒಳಗೆ ಗುಳಿ ಬಿದ್ದಿದೆಯೇ ಅಂತಲೂ ನೋಡಿಸಿ, ಒಪ್ಪಿಸಿದ್ದಕ್ಕೆ ರಸೀದಿ ತೆಗೆದುಕೊಳ್ಳಿ.